ಪ್ಲೇಗಮ್ಮನವರ ಖಾಯಂ ನೇಮಕಾತಿ ಕೋರಿ

ಗೆ,
ಶ್ರೀ ಪ್ಲೇಗ್ ಮಾರಮ್ಮನವರು,
ಹಳೆಯ ಬಡಾವಣೆ, ಬೆಂಗಳೂರು.

ವಿಷಯ: ತಮ್ಮನ್ನು ರಾಜ್ಯದ ಆರೋಗ್ಯ ಇಲಾಖೆಗೆ ಖಾಯಂ ಆಗಿ ನೇಮಿಸಿಕೊಳ್ಳುವ ಕುರಿತು.
ಉಲ್ಲೇಖ: ತಮ್ಮ 1898ರ ಭೇಟಿ ಹಾಗೂ ತಮ್ಮ ತಂಗಿ ಕೊರೊನಮ್ಮನವರ 2020–21ರ ಭೇಟಿ.

ತಾಯೀ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ರಾಜ್ಯದಲ್ಲಿ ಆರೋಗ್ಯದ ಕಡತ ಮೇಜಿನಿಂದ ಮೇಜಿಗೆ ಓಡುವುದನ್ನು ಜನ ನೋಡಿರುವುದು ತಾವೋ ತಮ್ಮ ವಂಶದವರೋ ಊರಿಗೆ ಬಂದಾಗ ಮಾತ್ರ. ಉಳಿದ ಕಾಲದಲ್ಲಿ ಅದು ಆರ್ಥಿಕ ಇಲಾಖೆಯ ಸಹಮತಿಗೆ ಕಾಯುತ್ತ ಮಲಗಿರುತ್ತದೆ. ಮಂತ್ರಿಗಳು ಬದಲಾದರು, ಪಕ್ಷಗಳು ಬದಲಾದವು, ಕಾರ್ಯದರ್ಶಿಗಳು ವರ್ಗವಾದರು. ಅದನ್ನು ಎಬ್ಬಿಸುವ ತಾಕತ್ತು ಯಾರಿಗೂ ಬರಲಿಲ್ಲ. ಹೀಗಿರುವಾಗ ಆ ತಾಕತ್ತು ಇರುವವರನ್ನೇ ನೇಮಿಸಿಕೊಳ್ಳುವುದು ಮಿತವ್ಯಯದ ಕೆಲಸವೂ ಹೌದು. ತಮಗೆ ಸಂಬಳ ಬೇಡ, ತುಟ್ಟಿಭತ್ಯೆ ಬೇಡ, ಪಿಂಚಣಿಯ ರಗಳೆಯಿಲ್ಲ. ವರ್ಷಕ್ಕೊಂದು ತಂಬಿಟ್ಟಿನಾರತಿ, ಒಂದಿಷ್ಟು ಬೇವಿನಸೊಪ್ಪು ಆದರೆ ಮುಗಿಯಿತು.

ತಮ್ಮ ಸೇವಾಪುಸ್ತಕ ತೆಗೆದು ನೋಡಿದರೆ ಅರ್ಹತೆಯ ಬಗ್ಗೆ ಅನುಮಾನವೇ ಉಳಿಯುವುದಿಲ್ಲ. 1896ರಲ್ಲಿ ಮುಂಬೈಯಲ್ಲಿ ಕೆಲಸಕ್ಕೆ ಹಾಜರಾದಿರಿ. 1898ರ ಆಗಸ್ಟ್ ಹೊತ್ತಿಗೆ ರೈಲು ಹತ್ತಿ ಬೆಂಗಳೂರಿಗೆ ಬಂದಿರಿ. ಮೈಸೂರು ಸಂಸ್ಥಾನ ತರಾತುರಿಯಲ್ಲಿ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ಅವರು ಮುಂದೆ ದಿವಾನರೂ ಆದರು, ಅದರಲ್ಲಿ ತಮ್ಮ ಶಿಫಾರಸು ಎಷ್ಟಿತ್ತೋ ತಿಳಿಯದು. ರೈಲು ನಿಲ್ದಾಣಗಳಲ್ಲಿ ತಪಾಸಣೆ, ಊರಾಚೆ ಶಿಬಿರಗಳು, ತೋಳಿಗೆ ಹಾಫ್‌ಕಿನ್ ಸಾಹೇಬರ ಲಸಿಕೆ. ಹಳ್ಳಿಗಳಲ್ಲಂತೂ ಅಟ್ಟದಿಂದ ಇಲಿ ಬಿದ್ದದ್ದೇ ತಡ, ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡರು. ಅವರು ಸರ್ಕಾರಿ ಆದೇಶಕ್ಕೆ ಕಾದು ಕೂತವರಲ್ಲ. ಅದಕ್ಕೆ ತುಸು ಮೊದಲು ನಕ್ಷೆಯಲ್ಲಿ ಗೆರೆ ಎಳೆಸಿಕೊಂಡಿದ್ದ ಬಸವನಗುಡಿ, ಮಲ್ಲೇಶ್ವರಗಳಿಗೆ ಪೇಟೆಯ ಇಕ್ಕಟ್ಟು ಬಿಟ್ಟು ಬರುವ ಮನಸ್ಸು ಜನರಿಗೆ ಬಂದದ್ದು ತಮ್ಮ ಕೃಪೆಯಿಂದಲೇ. ಅಗಲ ರಸ್ತೆ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿ, ಗಾಳಿ, ಬೆಳಕು. ಈ ಊರಿಗೆ ಟೆಲಿಫೋನ್ ತಂತಿ ಎಳೆದದ್ದೂ ಪ್ಲೇಗ್ ಕಾರ್ಯಾಚರಣೆಗೆಂದೇ ಎಂದು ಹಳೇ ಬೆಂಗಳೂರಿನ ಕಥೆ ಬಲ್ಲವರು ಹೇಳುತ್ತಾರೆ. ಇವತ್ತು ಮಲ್ಲೇಶ್ವರದಲ್ಲಿ ಸೈಟು ಮಾರಿದವರು ಮೊದಲ ತೆಂಗಿನಕಾಯಿ ತಮಗೆ ಒಡೆಯುವುದು ನ್ಯಾಯ. ಓಣಿಗಳ ಈಗಿನ ಸ್ಥಿತಿಯನ್ನು ಮಾತ್ರ ಕೇಳಬೇಡಿ. ಭಯಕ್ಕೆ ಬಿಟ್ಟ ಜಾಗವದು. ಭಯ ಹೋದ ಮೇಲೆ ಸ್ಕೂಟರು ಬಂತು, ಕಸ ಬಂತು, ಕೆಲವು ಕಡೆ ಪಕ್ಕದ ಮನೆಯ ಅಡುಗೆಮನೆಯೂ ಬಂತು.

ತಮ್ಮ ಗೌರವಾರ್ಥ ಒಂದು ಕಾನೂನೂ ಆಯಿತು, ನೆನಪಿರಬಹುದು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ನಾಲ್ಕೇ ಕಲಮು. ಮೊದಲನೆಯದು ಹೆಸರು, ಎರಡನೆಯದು ಸರ್ಕಾರಕ್ಕೆ ಅಧಿಕಾರ, ಮೂರನೆಯದು ಮಾತು ಕೇಳದ ಪ್ರಜೆಗೆ ಶಿಕ್ಷೆ, ನಾಲ್ಕನೆಯದು ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎಂಬ ಅಭಯ. ಇಷ್ಟು ಅಚ್ಚುಕಟ್ಟಾದ ಕಾನೂನನ್ನು ಯಾಕೆ ಬದಲಿಸಬೇಕೆಂದು ಸ್ವತಂತ್ರ ಭಾರತಕ್ಕೂ ತೋಚಲಿಲ್ಲ. 2020ರ ಮಾರ್ಚ್‌ನಲ್ಲಿ ಬೀರುವಿನಿಂದ ತೆಗೆದು ಧೂಳು ಕೊಡವಿದಾಗಲೂ ಕೆಲಸಕ್ಕೆ ಬಂತು. ಆಮೇಲೆ ಕೇಂದ್ರ ಅದಕ್ಕೆ ತಿದ್ದುಪಡಿ ಮಾಡಿತು, ಕರ್ನಾಟಕ ಅದೇ ವರ್ಷ ತನ್ನದೇ ಕಾಯ್ದೆ ತಂದಿತು. ಶಿಕ್ಷೆಯ ಪ್ರಮಾಣ ಹೆಚ್ಚಿತು. ಆರೋಗ್ಯ ಕಾರ್ಯಕರ್ತರ ಮೇಲೆ ಕೈ ಮಾಡಿದವರಿಗೆ ಜೈಲು ಎಂದು ಬರೆದದ್ದು ಒಳ್ಳೆಯದೇ. ಅದೇ ಕಾರ್ಯಕರ್ತರಿಗೆ ತಿಂಗಳ ದುಡ್ಡು ತಿಂಗಳಿಗೆ ಸರಿಯಾಗಿ ಕೊಡದವರಿಗೆ ಏನು ಶಿಕ್ಷೆ ಎಂದು ಬರೆಯಲು ಕಾಗದ ಸಾಲಲಿಲ್ಲವೇನೋ.

ಇನ್ನು ತಮ್ಮ ತಂಗಿಯ ವಿಚಾರ. ಕೊರೊನಮ್ಮನವರು ದೇಶದಲ್ಲಿ ಮೊದಲ ಬಲಿ ತೆಗೆದುಕೊಂಡದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಆಮೇಲೆ ನಡೆದ ಸೇವೆಯನ್ನು ತಾವು ನೋಡಬೇಕಿತ್ತು. ಬೆಂಗಳೂರಿನ ಹೊರವಲಯದ ವಸ್ತುಪ್ರದರ್ಶನ ಕೇಂದ್ರದಲ್ಲಿ 10,100 ಹಾಸಿಗೆಗಳ ಕೋವಿಡ್ ಆರೈಕೆ ಕೇಂದ್ರ ಎದ್ದಿತು. ದೇಶದಲ್ಲೇ ದೊಡ್ಡದು ಎಂದರು. ಟೀವಿಯವರು ಆ ಮಂಚಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ಯಾಮೆರಾ ತಿರುಗಿಸಿ ತೋರಿಸಿದ್ದೇ ತೋರಿಸಿದ್ದು. ಸೆಪ್ಟೆಂಬರ್‌ನಲ್ಲಿ ರೋಗಿಗಳು ಸಾಲದೆ ಅದನ್ನು ಮುಚ್ಚಿ, ಮಂಚ ಹಾಸಿಗೆಗಳನ್ನು ಹಾಸ್ಟೆಲ್ಲುಗಳಿಗೂ ಇತರೆಡೆಗೂ ಹಂಚಿದರು. ತಪ್ಪೇನಿಲ್ಲ, ಮಂಚ ಮಲಗುವುದಕ್ಕೇ ಇರುವುದು. ಅದಾದ ಮೇಲೆ, ನವೆಂಬರ್ 30ರಂದು, ಡಾ. ಎಂ.ಕೆ. ಸುದರ್ಶನ್ ಅವರ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ ಸರ್ಕಾರಕ್ಕೆ ಒಂದು ವರದಿ ಕೊಟ್ಟಿತು. ಜನವರಿ, ಫೆಬ್ರುವರಿ ಸುಮಾರಿಗೆ ಎರಡನೇ ಅಲೆ ಬರಬಹುದು, ಸಿದ್ಧವಾಗಿರಿ ಎಂದಿತು. ಕೊರೊನಮ್ಮ ಸೌಜನ್ಯದಿಂದ ಒಂದೆರಡು ತಿಂಗಳು ತಡವಾಗಿಯೇ ಬಂದರು. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಹಾಸಿಗೆ ಎಂಬುದು ಶಾಸಕರ ಫೋನಿನಲ್ಲಿ ಮಾತ್ರ ಸಿಗುವ ವಸ್ತುವಾಗಿತ್ತು.

ಅದಕ್ಕೆ ಮೂರು ದಿನ ಮೊದಲಿನ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಏನಾಯಿತೆಂದು ತಮಗೆ ಗೊತ್ತು. ಆಮ್ಲಜನಕ ಸಾಲದಾಯಿತು, 24 ಜನ ಸತ್ತರು. ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ತಮ್ಮ ಕಾಲದಲ್ಲಿ ಇಲಿ ಎಣಿಸುತ್ತಿದ್ದರು, ಈಗ ಸಿಲಿಂಡರ್ ಎಣಿಸಬೇಕು. ಆಸ್ಪತ್ರೆಯ ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ಮೂಗಿಗೆ ಹೈ ಫ್ಲೋ ಕೊಳವೆ ಹಾಕಿದ ಒಬ್ಬ ರೋಗಿ ನಿಮಿಷಕ್ಕೆ 60 ಲೀಟರ್‌ವರೆಗೂ ಎಳೆಯಬಲ್ಲ. ಎರಡು ಗಂಟೆ ತುಂಬುವ ಮೊದಲೇ ಸಿಲಿಂಡರ್ ಖಾಲಿ. ಅಂಥ ಹತ್ತು ರೋಗಿಗಳಿದ್ದರೆ ಒಂದು ರಾತ್ರಿಗೆ ಎಷ್ಟು ಸಿಲಿಂಡರ್ ಬೇಕು ಎಂಬುದು ಹೈಸ್ಕೂಲು ಹುಡುಗನ ಗಣಿತ. ಆದರೆ ಆ ಗಣಿತವನ್ನು ಸಂಜೆ ಐದು ಗಂಟೆಗೆ ಮಾಡಿ, ಮೈಸೂರಿನ ಮರುಪೂರಣ ಘಟಕಕ್ಕೆ ಫೋನು ಮಾಡಿ, ಲಾರಿ ಹೊರಟಿತೇ ಎಂದು ಕೇಳಿ, ಹೊರಡದಿದ್ದರೆ ಕೂಗಾಡುವುದೇ ಕೆಲಸವಾಗಿರುವ ಒಬ್ಬ ಮನುಷ್ಯ ಬೇಕು. ಆ ಕೂಗಿಗೆ ಬೆಲೆ ಕೊಡುವ ಇನ್ನೊಬ್ಬ ಮೈಸೂರಿನಲ್ಲಿ ಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಆಮ್ಲಜನಕ ತಯಾರಾಗುತ್ತಿತ್ತು, ತಾಯಿ. ಅದು ಯಾವ ರಾಜ್ಯಕ್ಕೆ ಎಷ್ಟು ಎಂದು ದೆಹಲಿ ಹಂಚುತ್ತಿತ್ತು. ನಮಗೆ ದಿನಕ್ಕೆ 965 ಟನ್ ಸಾಲದು, 1,200 ಟನ್ ಕೊಡಿ ಎಂದು ಹೈಕೋರ್ಟು ಮೇ 5ರಂದು ಹೇಳಬೇಕಾಯಿತು, ಕೇಂದ್ರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ ಸೋತು ಬರಬೇಕಾಯಿತು. ಉಸಿರಿನ ವಿಷಯಕ್ಕೂ ವಕೀಲರಿದ್ದರೆ ಅನುಕೂಲ.

ಸತ್ತವರ ಲೆಕ್ಕ ಇನ್ನೂ ಚೆನ್ನಾಗಿದೆ. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಸರ್ಕಾರ ಮೊದಲು ಹೇಳಿತು. ಉಳಿದವರು ಅದೇ ಹೊತ್ತಿಗೆ, ಅದೇ ವಾರ್ಡುಗಳಲ್ಲಿ, ಬೇರೆ ಬೇರೆ ಸ್ವಂತ ಕಾರಣಗಳಿಗಾಗಿ ಸತ್ತರೆಂದು ತಿಳಿಯಬೇಕು. ಹೈಕೋರ್ಟು ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿಗೆ ಈ ವಾದ ರುಚಿಸಲಿಲ್ಲ. ಆದರೆ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಸರ್ಕಾರ ಎಲ್ಲ ಗೊಂದಲಕ್ಕೂ ತೆರೆ ಎಳೆಯಿತು: ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದ್ದಾಗಿ ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಮಾತು ನಿಜವೇ. ಮರಣದ ನಮೂನೆ ತುಂಬುವವನು ಹೃದಯ ನಿಂತಿತು ಎಂದು ಬರೆಯುತ್ತಾನೆ. ಲಾರಿ ಬರಲಿಲ್ಲ ಎಂದು ಬರೆಯಲು ಅದರಲ್ಲಿ ಕಾಲಂ ಇಲ್ಲ. ಅದೇ ಮೇ ತಿಂಗಳಲ್ಲಿ, ಅದೇ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನಿಗೆ ಗುಡಿ ಎದ್ದಿತು. ಪಟ್ಟಣದವರು ಅದನ್ನು ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಜಿಲ್ಲೆಯ ಜನರು ಅಹವಾಲು ಸಲ್ಲಿಸಬಹುದಾದ, ಬಾಗಿಲು ತೆರೆದಿದ್ದ ಕಚೇರಿ ಬಹುಶಃ ಅದೊಂದೇ ಇತ್ತು.

ಹಾಗೆಂದು ನಾವು ಪಾಠ ಕಲಿಯಲಿಲ್ಲ ಎಂದು ತಾವು ತಿಳಿಯಬಾರದು. ಕಲಿತೆವು, ಸಾಮಾನು ಕೊಳ್ಳುವುದನ್ನು ಕಲಿತೆವು. ಎಷ್ಟು ಚೆನ್ನಾಗಿ ಕೊಂಡೆವೆಂದರೆ, ಆ ಖರೀದಿಯ ಕಡತಗಳನ್ನು ಓದುವುದಕ್ಕೇ 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಅವರ ಆಯೋಗವೊಂದು ಬೇಕಾಯಿತು. ದೇಶದುದ್ದಕ್ಕೂ ಪಿಎಂ ಕೇರ್ಸ್ ನಿಧಿಯಿಂದ 1,200ಕ್ಕೂ ಹೆಚ್ಚು ಪಿಎಸ್‌ಎ ಆಮ್ಲಜನಕ ಘಟಕಗಳು ಮಂಜೂರಾದವು. ಒಳ್ಳೆಯ ಯಂತ್ರ, ನಾನು ಹಗುರವಾಗಿ ಮಾತಾಡುತ್ತಿಲ್ಲ. ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ಜಿಯೋಲೈಟ್ ಎಂಬ ಹರಳಿನ ಪದರ ಅದರಲ್ಲಿನ ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಶೇ 93ರ ಆಸುಪಾಸಿನ ಶುದ್ಧತೆಯಲ್ಲಿ ಅದು ಕೊಳವೆಯಲ್ಲಿ ವಾರ್ಡಿಗೆ ಹರಿಯುತ್ತದೆ. ಲಾರಿಗೆ ಕಾಯುವ ಕಷ್ಟವಿಲ್ಲ. ಆದರೆ ಅದಕ್ಕೆ ಎಡೆಬಿಡದ ಕರೆಂಟು ಬೇಕು, ಕರೆಂಟು ಹೋದರೆ ಡೀಸೆಲ್ ಜನರೇಟರ್ ಬೇಕು. ತೇವ ಹೊಕ್ಕರೆ ಜಿಯೋಲೈಟ್ ಕೆಡುತ್ತದೆ, ಆದ್ದರಿಂದ ಫಿಲ್ಟರುಗಳನ್ನು ಕಾಲಕಾಲಕ್ಕೆ ಬದಲಿಸಬೇಕು. ಶುದ್ಧತೆ ಎಷ್ಟಿದೆ ಎಂದು ಮೀಟರು ನೋಡಿ ಪುಸ್ತಕದಲ್ಲಿ ಬರೆಯುವವನೊಬ್ಬ ಬೇಕು. ರೋಗಿ ಇಲ್ಲದಿದ್ದರೂ ಆಗಾಗ ಓಡಿಸಬೇಕು. ಅಂದರೆ ಒಬ್ಬ ತಂತ್ರಜ್ಞ, ಒಂದು ವಾರ್ಷಿಕ ನಿರ್ವಹಣಾ ಒಪ್ಪಂದ, ಒಂದು ವಿದ್ಯುತ್ ಬಿಲ್ಲು. ಈ ಮೂರಕ್ಕೂ ಉದ್ಘಾಟನೆ ಇಲ್ಲ. ಟೇಪು ಕತ್ತರಿಸಿ ಫಿಲ್ಟರ್ ಬದಲಿಸಿದ ಮಂತ್ರಿಯನ್ನು ತಾವು ಎಲ್ಲಾದರೂ ಕಂಡಿದ್ದೀರಾ? ಖಾರಿಫ್ ಬೆಳೆಯಂತೆ ಮಳೆ ಬಿದ್ದಾಗ ಮಾತ್ರ ಬೆಳೆಯುವ ಆರೋಗ್ಯ ವ್ಯವಸ್ಥೆ ನಮ್ಮದು.

ಯಂತ್ರದ ಮಾತಾಯಿತು, ಮನುಷ್ಯರ ಮಾತಿಗೆ ಬರುತ್ತೇನೆ. ಕರ್ನಾಟಕದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. ತಮ್ಮ ತಂಗಿ ಬಂದಾಗ ಮನೆಮನೆ ಹತ್ತಿ ಜ್ವರ ಕೇಳಿದವರು, ಬಾಗಿಲಿಗೆ ಪಟ್ಟಿ ಅಂಟಿಸಿ ಬೈಸಿಕೊಂಡವರು, ಯಾವ ಬೀದಿಯ ಯಾವ ಮನೆಗೆ ಬೆಂಗಳೂರಿನಿಂದ ಮಗ ಬಂದಿದ್ದಾನೆ ಎಂಬುದನ್ನು ಪೊಲೀಸರಿಗಿಂತ ಮೊದಲು ಬಲ್ಲವರು. ಸಾಂಕ್ರಾಮಿಕ ರೋಗ ಮೊದಲು ಕಾಣಿಸುವುದು ಯಾವ ಡ್ಯಾಶ್‌ಬೋರ್ಡಿನಲ್ಲೂ ಅಲ್ಲ, ಇವರ ನೋಟ್‌ಬುಕ್ಕಿನಲ್ಲಿ. ಇವರು ನೌಕರರಲ್ಲ, ಕಾರ್ಯಕರ್ತೆಯರು. ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. 2020ರ ಜುಲೈನಲ್ಲಿ, ರೋಗ ಏರುತ್ತಿದ್ದಾಗ, ತಿಂಗಳಿಗೆ 12,000 ರೂಪಾಯಿ ಮತ್ತು ಸರಿಯಾದ ರಕ್ಷಣಾ ಸಾಮಗ್ರಿ ಕೊಡಿ ಎಂದು ಮುಷ್ಕರ ಹೂಡಿದರು. ಕೊಡಲಿಲ್ಲ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆಲ್ಲ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. ಎಲ್ಲ ಮಂತ್ರಿಗಳೂ ಅಭಿನಂದಿಸಿದರು, ಅಭಿನಂದನೆಗೆ ಆರ್ಥಿಕ ಇಲಾಖೆಯ ಸಹಮತಿ ಬೇಡವಲ್ಲ. 2025ರ ಜನವರಿಯ ಚಳಿಯಲ್ಲಿ ಅದೇ ಜಾಗತಿಕ ನಾಯಕಿಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತು 10,000 ರೂಪಾಯಿಯ ಭರವಸೆಯೊಂದನ್ನು ಪಡೆದು ಬಸ್ಸು ಹತ್ತಿದರು. ತಾವು ಹೊಸ ಹುದ್ದೆಗೆ ಬಂದಾಗ ಇವರು ತಮ್ಮ ಅಧೀನ ಸಿಬ್ಬಂದಿ. ಮೊದಲ ದಿನವೇ ಏನು ಕೇಳುತ್ತಾರೆಂದು ಈಗಲೇ ತಿಳಿದಿರಲಿ.

ಮಲೆನಾಡಿನಲ್ಲಿರುವ ತಮ್ಮ ಇನ್ನೊಬ್ಬ ತಂಗಿಯನ್ನು ನಾವು ಹೆಚ್ಚು ಮಾತಾಡಿಸುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು. ಐದೇ ವರ್ಷ ಹಳೆಯದಾಗಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿಗೆ ನುಗ್ಗಿ, ಉಣ್ಣೆ ಹೆಕ್ಕಿ, ಅದೇ ವರ್ಷ ವೈರಸ್ಸನ್ನು ಬೇರ್ಪಡಿಸಿ ಜಗತ್ತಿಗೆ ತೋರಿಸಿದರು. ಊರಿನ ಹೆಸರನ್ನೇ ರೋಗಕ್ಕೆ ಇಟ್ಟರು. ಅಂದಿನಿಂದ ಪ್ರತಿ ಬೇಸಿಗೆ ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದವರು, ಅಡಿಕೆ ತೋಟದ ಕೂಲಿಗಳು ಮಲಗುತ್ತಾರೆ, ಕೆಲವರು ಏಳುವುದಿಲ್ಲ. ಹಳೆಯ ಲಸಿಕೆ ಸಾಲದಷ್ಟು ದುರ್ಬಲವಾಗಿದೆ ಎಂದು 2022ರಲ್ಲಿ ಹಾಕುವುದನ್ನೇ ನಿಲ್ಲಿಸಿದರು. ಹೊಸದಕ್ಕೆ ಪ್ರಯತ್ನ ನಡೆದಿದೆ. ಈ ತಂಗಿಯ ತಪ್ಪೇನೆಂದರೆ ಅವಳು ವಿಮಾನ ಹತ್ತಲಿಲ್ಲ. ಶಿರಾಳಕೊಪ್ಪದ ಬಸ್ಸು ಬಿಟ್ಟು ವಿಮಾನ ಹತ್ತಿದ್ದರೆ ಹೊಸ ಲಸಿಕೆ ಎಂದೋ ಬರುತ್ತಿತ್ತು.

ಕೆಲಸ ಆಗುವ ರೀತಿಯೂ ನಮಗೆ ಗೊತ್ತಿಲ್ಲದ್ದಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರದ ಒಂದೇ ಮನೆಯ ಎರಡನೆಯ ರೋಗಿ ಕೋಯಿಕ್ಕೋಡ್‌ನ ಆಸ್ಪತ್ರೆಗೆ ಬಂದಾಗ ಅಲ್ಲಿನ ವೈದ್ಯರಿಗೆ ಅನುಮಾನ ಹುಟ್ಟಿತು. ಮಾದರಿಗಳನ್ನು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ನಿಪಾ ಎಂದು ಇಲ್ಲಿ ಪತ್ತೆಯಾಯಿತು, ಪುಣೆ ದೃಢಪಡಿಸಿತು. ಸಂಪರ್ಕಕ್ಕೆ ಬಂದವರನ್ನೆಲ್ಲ ಹುಡುಕಿ ಎಣಿಸಿ ಕೂರಿಸಿದರು. 17 ಜನ ತೀರಿಕೊಂಡರು, ಅವರಲ್ಲಿ ಶುಶ್ರೂಷಕಿ ಲಿನಿ ಒಬ್ಬರು. ಆದರೂ ಅದು ಹರಡದೆ ಅಲ್ಲೇ ನಿಂತಿತು. ಇದರಲ್ಲಿ ಸಾವಿರ ಹಾಸಿಗೆಯ ಫೋಟೋ ಎಲ್ಲೂ ಇಲ್ಲ, ಗಮನಿಸಿ. ಅನುಮಾನ ಪಡಲು ಪುರುಸೊತ್ತಿದ್ದ ಒಬ್ಬ ವೈದ್ಯ, ಕರೆದರೆ ಫೋನು ಎತ್ತುವ ಒಂದು ಪ್ರಯೋಗಾಲಯ, ಬೀದಿ ಬಲ್ಲ ಕಾರ್ಯಕರ್ತರು. ಮೂವರೂ ನಿಪಾ ಬರುವ ಮೊದಲೇ ಕೆಲಸದಲ್ಲಿದ್ದರು ಎಂಬುದಷ್ಟೇ ವಿಶೇಷ. ರೋಗ ಬಂದ ಮೇಲೆ ಟೆಂಡರ್ ಕರೆದು ಅವರನ್ನು ತರಿಸಲಿಲ್ಲ.

ಸಿದ್ಧತೆಯ ಅಂಕಪಟ್ಟಿಗಳನ್ನು ನಂಬಿ ತಾವು ಮೋಸ ಹೋಗಬೇಡಿ. 2019ರ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕದಲ್ಲಿ ಅಮೆರಿಕಕ್ಕೆ ಮೊದಲ ಸ್ಥಾನ, ಬ್ರಿಟನ್ನಿಗೆ ಎರಡನೆಯದು. ಮರುವರ್ಷ ಅವೆರಡೂ ದೇಶಗಳು ಶವಾಗಾರಕ್ಕೆ ಜಾಗ ಹುಡುಕುತ್ತಿದ್ದವು. ನಮ್ಮದು 57. ಅಂಕಪಟ್ಟಿ ಯಾರಿಗೂ ಲಸಿಕೆಯಾಗಲಿಲ್ಲ.

ದುಡ್ಡಿನ ವಿಚಾರಕ್ಕೆ ತಾವು ಮುಜುಗರ ಪಡಬೇಕಾಗಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿದೆ: 2025ರೊಳಗೆ ಸರ್ಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇ 2.5 ಆಗಬೇಕು, ರಾಜ್ಯಗಳು ಬಜೆಟ್ಟಿನ ಶೇ 8ಕ್ಕಿಂತ ಹೆಚ್ಚು ಇಡಬೇಕು. ತಮ್ಮ ತಂಗಿ ಊರೂರು ತಿರುಗಿದ 2021–22ರಲ್ಲೇ ಆ ವೆಚ್ಚ ಶೇ 1.84 ಇತ್ತು. ಮನೆಬಾಗಿಲಿಗೆ ಬಂದು ನಿಂತಾಗಲೇ ಇಷ್ಟು ಕೊಟ್ಟವರು, ಬೆನ್ನು ತಿರುಗಿಸಿದ ಮೇಲೆ ಎಷ್ಟು ಕೊಟ್ಟಾರು ಎಂದು ತಾವೇ ಊಹಿಸಿ. ಅದಕ್ಕೇ ಬೆನ್ನು ತಿರುಗಿಸಬೇಡಿ ಎನ್ನುತ್ತಿರುವುದು.

ಸರಿ, ನೇಮಕದ ಷರತ್ತುಗಳು. ಹುದ್ದೆ ಹೊರಗುತ್ತಿಗೆಯದಲ್ಲ ಎಂದು ಆದೇಶದಲ್ಲಿ ಬರೆಸಿಕೊಳ್ಳಿ, ಇಲ್ಲವಾದರೆ ಏಜೆನ್ಸಿಯವನು ತಮ್ಮ ಆರತಿಯಲ್ಲೂ ಕಮಿಷನ್ ಹಿಡಿಯುತ್ತಾನೆ. ಕೆಲಸ ಯಾರನ್ನೂ ಕೊಲ್ಲುವುದಲ್ಲ, ಆ ವಿಭಾಗದಲ್ಲಿ ನಮಗೆ ಸಿಬ್ಬಂದಿ ಕೊರತೆಯಿಲ್ಲ. ಬರೀ ಓಡಾಡಿಕೊಂಡಿರಬೇಕು. ಖಾಲಿ ಬಿದ್ದ ಪ್ರಯೋಗಾಲಯ ತಂತ್ರಜ್ಞರ ಹುದ್ದೆಯ ಕಡತ ಎಲ್ಲಿ ಮಲಗಿದೆಯೋ ಆ ಮೇಜಿನ ಹತ್ತಿರ ಸುಮ್ಮನೆ ಒಮ್ಮೆ ಕೆಮ್ಮಿದರೆ ಸಾಕು. ತಾಲ್ಲೂಕು ಆಸ್ಪತ್ರೆಯ ಜನರೇಟರಿಗೆ ಡೀಸೆಲ್ ಇದೆಯೇ ಎಂದು ತಿಂಗಳಿಗೊಮ್ಮೆ ಇಣುಕಿ. ಬೆಂಗಳೂರಿನ ಚರಂಡಿ ನೀರಿನಲ್ಲಿ ವೈರಸ್ ಹುಡುಕುವ ವಿಜ್ಞಾನಿಗಳಿದ್ದಾರೆ, ಕೊರೊನಾ ಕಾಲದಲ್ಲಿ ಶುರುವಾದ ಒಳ್ಳೆಯ ಕೆಲಸಗಳಲ್ಲಿ ಅದೊಂದು. ಅವರ ಅನುದಾನದ ಅರ್ಜಿ ತಿರಸ್ಕರಿಸುವವರ ಕನಸಿಗೆ ಹೋಗಿ. ಜಿಲ್ಲಾಧಿಕಾರಿಗಳ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕೇಳಿ ಪಡೆಯಿರಿ, ಮಾತಾಡುವ ಅಗತ್ಯವಿಲ್ಲ.

ವಯಸ್ಸಾಯಿತು, ಖಾಯಂ ನೌಕರಿ ಒಲ್ಲೆ ಎನ್ನುವುದಾದರೆ ಒತ್ತಾಯವಿಲ್ಲ. ಹಾಗಿದ್ದಲ್ಲಿ ಕನಿಷ್ಠ ಒಂದು ಉಪಕಾರ ಮಾಡಬೇಕು. ಪ್ರತಿವರ್ಷ ಬಜೆಟ್ ಮಂಡನೆಗೆ ಒಂದು ವಾರ ಮೊದಲು ವಿಧಾನಸೌಧದ ಮೂರನೇ ಮಹಡಿಯ ಕಾರಿಡಾರಿನಲ್ಲಿ ಒಂದೆರಡು ಇಲಿ ಬೀಳಿಸಿ. ಆರೋಗ್ಯವಂತ ಇಲಿಗಳೇ ಆದರೂ ಅಡ್ಡಿಯಿಲ್ಲ, ನಿದ್ದೆ ಮಾಡುತ್ತಿದ್ದರೂ ಆದೀತು. ಅಲ್ಲಿ ಯಾರೂ ಹತ್ತಿರ ಹೋಗಿ ನೋಡುವುದಿಲ್ಲ.

ತಮ್ಮ ವಿಧೇಯ,
ಮಲ್ಲೇಶ್ವರದಲ್ಲಿ ಬಾಡಿಗೆಗಿರುವ ಒಬ್ಬ ತೆರಿಗೆದಾರ

ಪ್ರತಿಗಳು:
ಆರ್ಥಿಕ ಇಲಾಖೆಗೆ, ಸಹಮತಿಗಾಗಿ. (ಮೂರನೇ ನೆನಪೋಲೆ.)
ಕ್ಯಾಸನೂರಿನ ತಂಗಿಗೆ, ಮಾಹಿತಿಗಾಗಿ.
ಜಿಲ್ಲಾಸ್ಪತ್ರೆಗಳ ಆಮ್ಲಜನಕ ಘಟಕದ ತಂತ್ರಜ್ಞರಿಗೆ. ಹುದ್ದೆ ಖಾಲಿ ಇರುವಲ್ಲಿ ಘಟಕದ ಬಾಗಿಲಿಗೆ ಅಂಟಿಸತಕ್ಕದ್ದು.